ಗ್ರೈಂಡರ್ ಬದಿಗಿಡಿ, ಸಿಮೆಂಟ್ ಹಲಗೆಯನ್ನು ಗೀರಿ ಮುರಿಯಿರಿ

ಮಲೆನಾಡು, ಕರಾವಳಿಯ ಮನೆಗಳಲ್ಲಿ ಪಡುವಣ ಗೋಡೆಗೆ ಎರಚಲು ಹೊಡೆಯದಿರಲಿ ಎಂದು ಮೊದಲೆಲ್ಲ ಅಡಿಕೆ ಸೋಗೆಯದೋ ತೆಂಗಿನ ಗರಿಯದೋ ತಟ್ಟಿ ಕಟ್ಟುತ್ತಿದ್ದರು. ವರ್ಷವರ್ಷವೂ ಕಟ್ಟಿಕೊಡುವವರು ಸಿಗದೆ ಈಗ ಕೆಲವರು ಅಲ್ಲಿ ಬಾಕ್ಸ್ ಪೈಪಿನ ಚೌಕಟ್ಟು ನಿಲ್ಲಿಸಿ ಫೈಬರ್ ಸಿಮೆಂಟ್ ಹಲಗೆ ಹೊಡೆಸುತ್ತಿದ್ದಾರೆ. ಸುಮಾರು 8 ಇಂಚು ಅಗಲ, 10 ಅಡಿ ಉದ್ದ, 8 ಮಿ.ಮೀ. ದಪ್ಪ; ಮೇಲ್ಮೈಯಲ್ಲಿ ಮರದ ಎಳೆ ಮೂಡಿಸಿರುತ್ತಾರೆ. ಕೆಳಗಿನ ಹಲಗೆಯ ತಲೆಯ ಮೇಲೆ ಮೇಲಿನದರ ಅಂಚು ಕೂರುವಂತೆ ಜೋಡಿಸುತ್ತಾರೆ. ಗೆದ್ದಲು ತಿನ್ನದು, ಬೆಂಕಿ ಹತ್ತದು. ಆದರೆ ಏಣಿ ಜಾರಿ ಬಡಿದರೆ, ಗಾಳಿಗೆ ಕೊಂಬೆ ಮುರಿದು ಬಿದ್ದರೆ ಸೀಳುತ್ತದೆ. ಒಂದೆರಡು ಹಲಗೆ ಬದಲಿಸುವಷ್ಟು ಸಣ್ಣ ಕೆಲಸಕ್ಕೆ ಕರೆದರೆ ಯಾರೂ ಬರುವುದಿಲ್ಲ. ಬಂದವರೂ "ಎರಡು ನಿಮಿಷದ ಕೆಲಸ ಸಾರ್, ಗ್ರೈಂಡರ್ ಹಾಕಿದ್ರೆ ಆಯ್ತು" ಎನ್ನುತ್ತಾರೆ. ನನ್ನ ತಕರಾರು ಇರುವುದು ಆ ಎರಡು ನಿಮಿಷದ ಬಗ್ಗೆಯೇ.

ಈ ಹಲಗೆ ಎಂದರೆ ಸಿಮೆಂಟು, ನುಣ್ಣನೆಯ ಸಿಲಿಕಾ ಮರಳು ಮತ್ತು ಕಾಗದಕ್ಕೆ ಬಳಸುವಂಥ ಮರದ ನಾರು. ಗೋಡೆಯಲ್ಲಿ ಇರುವಷ್ಟು ಕಾಲ ಅದರಿಂದ ಯಾವ ಅಪಾಯವೂ ಇಲ್ಲ. ಗ್ರೈಂಡರಿನ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತ ಅದನ್ನು ಅರೆದಾಗ ಮಾತ್ರ ಆ ಮರಳು ಕಣ್ಣಿಗೂ ಕಾಣದ ಪುಡಿಯಾಗಿ ಶ್ವಾಸಕೋಶದ ತಳ ಸೇರುತ್ತದೆ. ಕೋಲಾರದ ಚಿನ್ನದ ಗಣಿಯವರನ್ನು ಕಾಡಿದ ಸಿಲಿಕೋಸಿಸ್‌ಗೆ ಕಾರಣ ಇದೇ ಜಾತಿಯ ದೂಳು. ಈ ದೂಳನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಪಟ್ಟಿ ಮಾಡಿದೆ. ಮನೆಯಲ್ಲಿ ಒಂದು ದಿನ ಎರಡು ಹಲಗೆ ಕೊಯ್ದವರಿಗೆ ಸಿಲಿಕೋಸಿಸ್ ಬಂದೀತೆಂದು ಹೆದರಬೇಕಿಲ್ಲ; ದಿನವೂ ಕೊಯ್ಯುವವರ ಮಾತು ಬೇರೆ. ಆದರೆ ದೂಳೇ ಏಳದಂತೆ ಕತ್ತರಿಸುವ ದಾರಿ ಇರುವಾಗ, ಅದೂ ಅಗ್ಗದ ದಾರಿ, ಗ್ರೈಂಡರ್ ಯಾಕೆ?

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಗೋಡೆಯಲ್ಲಿರುವುದು ಹಳೆಯ ಆಸ್ಬೆಸ್ಟಾಸ್ ಶೀಟು ಅಲ್ಲ ತಾನೇ? ಚಾವಣಿಗೆ ಹೊದಿಸುವ ಅಲೆಅಲೆಯ ಸಿಮೆಂಟ್ ಶೀಟುಗಳಲ್ಲಿ ಬಿಳಿ ಆಸ್ಬೆಸ್ಟಾಸ್ ಇರುವುದು ನಮ್ಮಲ್ಲಿ ಇಂದಿಗೂ ಸಾಮಾನ್ಯ, ಅದಕ್ಕೆ ನಿಷೇಧವೂ ಇಲ್ಲ. ಹಳೆಯ ಚಪ್ಪಟೆ ಶೀಟುಗಳಲ್ಲೂ ಇದ್ದೀತು. ನೋಡಿ ಹೇಳಲು ಬರುವುದಿಲ್ಲ. ಹೊಸ ಹಲಗೆ ಕೊಳ್ಳುವಾಗ ಆಸ್ಬೆಸ್ಟಾಸ್ ರಹಿತ ಎಂಬ ಮುದ್ರೆಯನ್ನು ಕೇಳಿ ನೋಡಿಕೊಳ್ಳಬಹುದು. ಹಳೆಯದರ ಜಾತಕ ಗೊತ್ತಿಲ್ಲದಿದ್ದರೆ ಆಸ್ಬೆಸ್ಟಾಸ್ ಇದೆ ಎಂದೇ ಲೆಕ್ಕ. ಅದನ್ನು ಗೀರುವುದು, ಕೊಯ್ಯುವುದು, ಕೊರೆಯುವುದು ಯಾವುದೂ ಬೇಡ. ನೀರು ಚಿಮುಕಿಸಿ, ಒಡೆಯದಂತೆ ಇಡಿಯಾಗಿ ಇಳಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. (ಪಾಚಿ ತೆಗೆಯಲು ಇಂಥ ಶೀಟಿನ ಮೇಲೆ ತಂತಿ ಬ್ರಷ್ ಹಾಕಿ ತಿಕ್ಕುವ ರೂಢಿ ನಮ್ಮ ಕಡೆ ಇದೆಯಲ್ಲ, ಅದೂ ಬೇಡ.)

ಇನ್ನು ಕೆಲಸಕ್ಕೆ ಬರೋಣ. ಒಡೆದ ಹಲಗೆ ತೆಗೆಯಲು ಎರಡು ಸಾಲು ಸ್ಕ್ರೂ ಬಿಚ್ಚಬೇಕು: ಅದರ ಕೆಳ ಅಂಚಿನದು ಮತ್ತು ಅದರ ಮೇಲಿನ ಹಲಗೆಯ ಕೆಳ ಅಂಚಿನದು. ಎರಡನೆಯದನ್ನು ಬಿಚ್ಚದೆ ಎಳೆದರೆ ಒಳ್ಳೆಯ ಹಲಗೆಯೂ ಸೀಳುತ್ತದೆ. ತೆರವಾದ ಜಾಗವನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ನಿಮ್ಮ ಅದೃಷ್ಟ. ಎರಡು ತುದಿಗೂ 3 ಮಿ.ಮೀ. ಸಂದು ಬೇಕು, ಅಂದರೆ ಅಳತೆಗಿಂತ ಒಟ್ಟು 6 ಮಿ.ಮೀ. ಕಡಿಮೆ ಕತ್ತರಿಸಿ. ಇಕ್ಕಟ್ಟಾಗಿ ತುರುಕಿದ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಹೊರಕ್ಕೆ ಉಬ್ಬುತ್ತದೆ.

ಗೀರಲು ಬೇಕಾದದ್ದು ಕಾರ್ಬೈಡ್ ಮೊನೆಯ ಕಟರ್. ಬಡಗಿಗಳು ಸನ್‌ಮೈಕಾ ಗೀರಲು ಬಳಸುವುದರಲ್ಲೇ ಕಾರ್ಬೈಡ್ ತುದಿಯದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಸಾಕು. ಕಾಗದ ಕತ್ತರಿಸುವ ಬ್ಲೇಡು ಮಾತ್ರ ಬೇಡ, ನಾಲ್ಕೆಳೆತಕ್ಕೆ ಮೊಂಡಾಗುತ್ತದೆ. ಹಲಗೆಯನ್ನು ಮುಖ ಮೇಲಾಗಿ ಸಮತಟ್ಟಾದ ಮೇಜಿನ ಮೇಲೆ ಪೂರ್ತಿ ಮಲಗಿಸಿ. ಹಲಗೆ ಅಲುಗಾಡಿದರೆ ಗೆರೆ ಕೆಟ್ಟಿತೆಂದೇ ತಿಳಿಯಿರಿ. ಮೂಲಮಟ್ಟ ಇಟ್ಟು ಪೆನ್ಸಿಲ್ ಗೆರೆ ಎಳೆದು, ಗಾರೆಯವರ ಅಲ್ಯೂಮಿನಿಯಂ ಪಟ್ಟಿಯನ್ನು ಗೆರೆಗೆ ತಾಗಿಸಿ ಎರಡೂ ಕಡೆ ಕ್ಲ್ಯಾಂಪ್ ಬಿಗಿಯಿರಿ. ಮೊದಲ ಗೀರು ಹಗುರವಾಗಿರಲಿ, ಅದು ದಾರಿ ಮಾಡಿಕೊಡಲಷ್ಟೇ. ಎರಡನೆಯದರಿಂದ ತೋಳಿನ ಭಾರ ಹಾಕಿ, ಒಂದೇ ದಿಕ್ಕಿಗೆ, ಈ ಅಂಚಿನಿಂದ ಆ ಅಂಚಿನವರೆಗೆ ನಿಲ್ಲಿಸದೆ ಎಳೆಯಿರಿ. ನಾಲ್ಕೈದು ಎಳೆತಕ್ಕೆ ಕರಕರ ಸದ್ದು ಮಂದವಾಗುತ್ತದೆ, ಮೊನೆಯ ಹಿಂದೆ ಬೂದು ಬಣ್ಣದ ಒರಟು ಪುಡಿ ಸಾಲುಗಟ್ಟಿ ಬೀಳುತ್ತದೆ. ಪುಡಿ ಬಿದ್ದಲ್ಲೇ ಬಿದ್ದಿರುತ್ತದೆ, ಗಾಳಿಗೆ ಏಳುವುದಿಲ್ಲ. ಈ ವಿಧಾನದ ಲಾಭವೆಲ್ಲ ಇದೇ. ಗೀರು ದಪ್ಪದ ಮೂರನೇ ಒಂದರಷ್ಟು ಇಳಿಯಬೇಕು, 8 ಮಿ.ಮೀ. ಹಲಗೆಗೆ ಎರಡೂವರೆ ಮಿ.ಮೀ. ಆಸುಪಾಸು. ಅಂಚುಗಳಲ್ಲಿ ಕೈ ತಾನಾಗಿ ಹಗುರವಾಗುವುದರಿಂದ ಅಲ್ಲಿ ಇನ್ನೊಂದೆರಡು ಸಲ ಎಳೆದರೆ ಒಳ್ಳೆಯದು.

ಈಗ ಮುರಿಯುವುದು. ಗೀರಿನ ಪಕ್ಕಕ್ಕೆ ಪಟ್ಟಿಯನ್ನು ಒತ್ತಿ ಹಿಡಿದು ಆಚೆಯ ಭಾಗವನ್ನು ಒಂದೇ ಏಟಿಗೆ ಮೇಲಕ್ಕೆತ್ತಿ. ಗಾಜು ಮುರಿದು ಅಭ್ಯಾಸ ಇರುವವರ ಕೈ ಕೆಳಕ್ಕೇ ಒತ್ತಲು ಹೋಗುತ್ತದೆ. ಹಲಗೆ ತಯಾರಕರ ಕೈಪಿಡಿಗಳಲ್ಲಿ ಮೇಲಕ್ಕೆತ್ತಿ ಮುರಿಯಿರಿ ಎಂದೇ ಇರುವುದನ್ನು ಕಂಡಿದ್ದೇನೆ. ನೀವು ಕೊಂಡದ್ದರ ಜೊತೆ ಚೀಟಿ ಬಂದಿದ್ದರೆ ಅದರಂತೆ ನಡೆಯಿರಿ. ಮುರಿದ ಅಂಚಿನ ಹಿಂಬದಿ ಸ್ವಲ್ಪ ತರಿಯಾಗಿರುತ್ತದೆ, ಒರಟು ಅರದಿಂದ ನಾಲ್ಕು ಸಲ ಉಜ್ಜಿದರೆ ಆಯಿತು. ಮೂರು ಇಂಚಿಗಿಂತ ಕಿರಿದಾದ ತುಂಡನ್ನು ಹೀಗೆ ಮುರಿಯುವುದು ಕಷ್ಟ. ಹಿಡಿತ ಸಿಗದೆ ಎಲ್ಲೆಲ್ಲೋ ಸೀಳಿಕೊಳ್ಳುತ್ತದೆ. ಅಂಥ ತುಂಡಿಗೆ ಕೈಗರಗಸ, ಅದೂ ಗಡಸು ಹಲ್ಲಿನದು.

ಕಿಟಕಿ ಮೂಲೆಗೆ ಎಲ್ ಆಕಾರದ ಕಚ್ಚು ಬೇಕಾದರೆ ಚಿಕ್ಕ ಬದಿಯನ್ನು ಗರಗಸದಿಂದ ಕೊಯ್ದು, ಉದ್ದದ ಬದಿಯನ್ನು ಗೀರಿ ಮುರಿಯಿರಿ. ನಲ್ಲಿ ಪೈಪಿಗೆ ತೂತು ಬೇಕಾದರೆ ವೃತ್ತ ಬರೆದು ಅದರ ಒಳಗೆರೆಯುದ್ದಕ್ಕೂ ಡ್ರಿಲ್‌ನಿಂದ ಒತ್ತೊತ್ತಾಗಿ ಸಣ್ಣ ತೂತು ಕೊರೆದು ನಡುವಿನದನ್ನು ಮೆಲ್ಲಗೆ ತಟ್ಟಿ ಬೀಳಿಸಿ. ಡ್ರಿಲ್ ಹ್ಯಾಮರ್‌ನಲ್ಲಿ ಇರಬಾರದು, ಹಿಂಬದಿ ಚಕ್ಕೆ ಹಾರುತ್ತದೆ.

12 ಮಿ.ಮೀ.ಗಿಂತ ದಪ್ಪದ ಬೋರ್ಡಾದರೆ, ಇಡೀ ಗೋಡೆಯ ಕೆಲಸವಾದರೆ ಯಂತ್ರ ಬೇಕೇ ಬೇಕು, ಒಪ್ಪುತ್ತೇನೆ. ಆಗಲೂ ಗ್ರೈಂಡರ್ ಅಲ್ಲ, ಸರ್ಕ್ಯುಲರ್ ಸಾ. ಅದಕ್ಕೆ ಫೈಬರ್ ಸಿಮೆಂಟಿಗೆಂದೇ ಮಾಡಿದ, ನಾಲ್ಕಾರು ವಜ್ರದ ಹಲ್ಲುಗಳಷ್ಟೇ ಇರುವ ಬ್ಲೇಡು ಹಾಕಿ. ಹಲ್ಲು ಕಡಿಮೆಯಾದಷ್ಟೂ ಪುಡಿ ದಪ್ಪ, ತೇಲುವ ದೂಳು ಕಡಿಮೆ. ದೂಳು ಹೀರುವ ವ್ಯಾಕ್ಯೂಮ್ ಜೋಡಿಸುವಂಥ ಸಾ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಸಾ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಇಲ್ಲಿ ಹಲಗೆಯ ಮುಖ ಕೆಳಗಿರಬೇಕು. ಅಂಗಳದಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಂತು ಕೊಯ್ಯಿರಿ. ಮಾರ್ಬಲ್ ಕಟರಿಗೆ ಒಬ್ಬರು ಬಾಟಲಿಯಿಂದ ನೀರು ಸುರಿಯುತ್ತ ಇನ್ನೊಬ್ಬರು ಕೊಯ್ಯುವುದನ್ನು ಎಲ್ಲೆಡೆ ಕಾಣುತ್ತೇವೆ. ದೂಳೇನೋ ಅಡಗುತ್ತದೆ, ಶಾಕ್ ಹೊಡೆದರೆ? ನೀರಿನ ಪೈಪು ಇರುವ ಯಂತ್ರ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಸಂಪರ್ಕ ಇಲ್ಲದಿದ್ದರೆ ಆ ಸಾಹಸ ಬೇಡ.

ಬಾಯಿಗೆ ಕರ್ಚೀಫು ಕಟ್ಟಿದರೆ ಈ ದೂಳು ತಡೆಯದು, ಸರ್ಜಿಕಲ್ ಮಾಸ್ಕೂ ಸಾಲದು. ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಅಂಟಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬೇಡಿ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹಾಕಿಕೊಂಡ ಬಟ್ಟೆ ಕೊಡವದೆ ನೇರ ನೀರಿಗೆ ಹಾಕಿ.

ಕತ್ತರಿಸಿದ ಅಂಚೇ ನೀರು ಕುಡಿಯುವ ಬಾಯಿ. ಗೋಡೆಗೆ ಏರಿಸುವ ಮೊದಲೇ ಅಲ್ಲಿಗೆ ಎರಡು ಕೋಟು ಹೊರಗೋಡೆಯ ಪ್ರೈಮರ್ ಹಚ್ಚಿ, ಒಣಗಲು ಬಿಡಿ. ಹಲಗೆಯನ್ನು ಮೇಲಿನದರ ಅಡಿಗೆ ತೂರಿಸಿ, ಹಳೆಯ ಹಲಗೆಗಳಷ್ಟೇ ಹೊದಿಕೆ ಬರುವಂತೆ ಕೂರಿಸಿ. ಆ ಹೊದಿಕೆ 30 ಮಿ.ಮೀ.ಗೆ ಕಡಿಮೆ ಇರದಿದ್ದರೆ ಒಳ್ಳೆಯದು. ಸ್ಕ್ರೂ ಹೊಡೆಯುವ ಮುನ್ನ ತೂತು ಕೊರೆಯಿರಿ, ಅಂಚಿನಿಂದ 12 ಮಿ.ಮೀ., ಮೂಲೆಯಿಂದ 50 ಮಿ.ಮೀ. ಒಳಗೆ. ಸ್ಕ್ರೂ ತಲೆ ಹಲಗೆಗೆ ಸಮವಾದಲ್ಲಿ ನಿಲ್ಲಿಸಿ; ಇನ್ನೊಂದು ಸುತ್ತು ಬಿಗಿದರೆ ಒಳಗಿನ ಪದರ ಪುಡಿಯಾಗುತ್ತದೆ. ತುದಿಯ ಸಂದಿಗೆ ಪಿಯು ಸೀಲಂಟ್ ತುಂಬಿ. ಸಾದಾ ಸಿಲಿಕೋನ್ ಹಾಕಿದರೆ ಮೇಲೆ ಬಣ್ಣ ಹಿಡಿಯುವುದಿಲ್ಲ, ಪುಟ್ಟಿ ಹಾಕಿದರೆ ಮೊದಲ ಬೇಸಿಗೆಗೇ ಬಿರುಕು. ಎಲ್ಲಕ್ಕಿಂತ ಕೆಳಗಿನ ಸಾಲಿನ ಹಲಗೆಯಾದರೆ ನೆಲದಿಂದ ಅರ್ಧ ಅಡಿ ಮೇಲೇ ಇರಲಿ. ಉಳಿದ ತುಂಡುಗಳನ್ನು ಒಳಗೆ ಮಲಗಿಸಿಡಿ, ಗೋಡೆಗೆ ಒರಗಿಸಿದರೆ ಬಾಗುತ್ತವೆ.