ಎಲ್ಕ್ ಬೇಟೆಗೆ ಗುಂಡು ಆರಿಸುವಾಗ

ಅಮೆರಿಕದಲ್ಲಿ ನೆಲೆಸಿ, ಲೈಸೆನ್ಸ್ ಪಡೆದು ಮೊದಲ ಸಲ ಎಲ್ಕ್ ಬೇಟೆಗೆ ಹೊರಟಿದ್ದೀರಾ? ರೈಫಲ್ ಯಾವುದೆಂದು ತಿಂಗಳುಗಟ್ಟಲೆ ಚರ್ಚಿಸುವವರೂ ಗುಂಡಿನ ವಿಷಯ ಬಂದಾಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡುಬಿಡುತ್ತಾರೆ. ಪ್ರಾಣಿಯನ್ನು ಮುಟ್ಟುವುದು ಗುಂಡೇ ತಾನೆ?

ಗಂಡು ಎಲ್ಕ್ 300 ಕಿಲೋ ಮೀರಿ ತೂಗಬಲ್ಲದು. ಗುಂಡು ದಪ್ಪ ತೊಗಲು, ಮಾಂಸಖಂಡ ದಾಟಿ ಶ್ವಾಸಕೋಶ ತಲುಪಬೇಕು. ಹೋಗುತ್ತಾ ಮೂತಿ ಅರಳಬೇಕು, ಚೂರುಚೂರಾಗಬಾರದು. ಹಾಗಾಗಿ ತಾಮ್ರದ ಹೊದಿಕೆಗೆ ಸೀಸದ ತಿರುಳನ್ನು ಬೆಸೆದ ‘ಬಾಂಡೆಡ್’ ಗುಂಡು, ಇಲ್ಲವೇ ಪೂರ್ತಿ ತಾಮ್ರದ ಗುಂಡು ಒಳ್ಳೆಯದು. .30-06 ರೈಫಲ್‌ಗೆ ಬಾಂಡೆಡ್ ಆದರೆ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಂ. ತಾಮ್ರದ್ದು ಒಳಹೊಕ್ಕ ಮೇಲೂ ತೂಕ ಉಳಿಸಿಕೊಳ್ಳುವುದರಿಂದ 165 ಗ್ರೇನ್ ಸಾಕು. ಆದರೆ ವೇಗ ತಗ್ಗಿದರೆ ತಾಮ್ರ ಸರಿಯಾಗಿ ಅರಳದು. ದೂರದ ಹೊಡೆತಕ್ಕೆ ಆಸೆಪಡಬೇಡಿ. ಪೂರ್ತಿ ಹೊದಿಕೆಯ ಮಿಲಿಟರಿ ಮಾದರಿ ಗುಂಡು ಬೇಡವೇ ಬೇಡ. ಅದು ಅರಳದೆ ತೂರಿಹೋದರೆ, ಗಾಯಗೊಂಡ ಪ್ರಾಣಿ ಕಾಡು ಸೇರಿ ನರಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಬೇಟೆಗಾರರು ಬಿಟ್ಟುಹೋದ ಕರುಳಿನೊಡನೆ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸಾಯುತ್ತಿದ್ದುದು ಅದಕ್ಕೊಂದು ಮುಖ್ಯ ಕಾರಣ. ಮಾಂಸ ಮನೆಮಂದಿಯ ತಟ್ಟೆಗೆ ಬರುವುದಾದರೆ ಬೇರೆ ರಾಜ್ಯದಲ್ಲೂ ತಾಮ್ರವೇ ಲೇಸು.

ಎರಡು-ಮೂರು ಬಗೆಯ ತೋಟಾ ತಂದು 100 ಗಜದಲ್ಲಿ ಹೊಡೆದು ನೋಡಿ. ತೂತುಗಳು ಒತ್ತೊತ್ತಾಗಿ ಬಿದ್ದದ್ದನ್ನೇ ಇಟ್ಟುಕೊಳ್ಳಿ. ಮುಂದೆ ತೋಟಾ ಬದಲಿಸಿದರೆ ದುರ್ಬೀನಿನ ಗುರಿಯನ್ನು ಮತ್ತೆ ಹೊಂದಿಸಿಕೊಂಡೇ ಕಾಡಿಗೆ ಹೋಗಿ.