ಕರಾರು ಪತ್ರದೊಳಗೆ ಸಮಾನತೆಯ ಷರತ್ತು

ಸರ್ಕಾರಕ್ಕೆ ಸರಕು ಪೂರೈಸುವ ಉದ್ದಿಮೆದಾರರು ಕರಾರು ಪತ್ರದಲ್ಲಿ ಸಾಮಾನ್ಯವಾಗಿ ಬೆಲೆ, ಗುಣಮಟ್ಟ ಹಾಗೂ ಗಡುವುಗಳನ್ನೇ ಗಮನಿಸುತ್ತಾರೆ. 1941ರಲ್ಲಿ ಅಮೆರಿಕದ ಕಾರ್ಖಾನೆ ಮಾಲೀಕರಿಗೆ ಬೇರೆಯೇ ಬಗೆಯ ಷರತ್ತು ಎದುರಾಯಿತು.

ಯುದ್ಧಸಾಮಗ್ರಿಯ ಬೇಡಿಕೆ ಏರುತ್ತಿದ್ದರೂ ಕರಿಯ ಕಾರ್ಮಿಕರಿಗೆ ಆ ಕಾರ್ಖಾನೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ದೋಷ ಮಾಲೀಕರದಷ್ಟೇ ಅಲ್ಲ. ಹಲವು ಕಾರ್ಮಿಕ ಸಂಘಗಳೂ ಅವರಿಗೆ ಸದಸ್ಯತ್ವ ನಿರಾಕರಿಸಿದ್ದವು. ರೈಲಿನ ಶಯನ ಬೋಗಿಗಳ ಪರಿಚಾರಕರ ಸಂಘವನ್ನು 1925ರಿಂದ ಮುನ್ನಡೆಸಿ, 1937ರಲ್ಲಿ ಪುಲ್‌ಮನ್ ಕಂಪನಿಯೊಡನೆ ಒಪ್ಪಂದ ಸಾಧಿಸಿದ್ದ ಎ. ಫಿಲಿಪ್ ರಾಂಡಾಲ್ಫ್ ಅವರು, 1941ರ ಜುಲೈ 1ರಂದು ವಾಷಿಂಗ್ಟನ್ನಿಗೆ ಬೃಹತ್ ಮೆರವಣಿಗೆ ಹೊರಡಿಸುವುದಾಗಿ ಘೋಷಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಜೂನ್ 25ರಂದು 8802ನೆಯ ಆದೇಶಕ್ಕೆ ಸಹಿ ಹಾಕಿದರು, ಮೆರವಣಿಗೆ ನಿಂತಿತು.

ಆದೇಶದ ಜಾಣ್ಮೆ ಗಮನಾರ್ಹ. ಹೊಸ ಶಾಸನಕ್ಕೆ ಕಾಯದೆ, ಸರ್ಕಾರವು ಖರೀದಿದಾರನ ಸ್ಥಾನದಲ್ಲಿ ನಿಂತು, ರಕ್ಷಣಾ ಕರಾರುಗಳಲ್ಲೆಲ್ಲ ಜನಾಂಗ, ಮತ, ವರ್ಣಗಳ ತಾರತಮ್ಯ ಸಲ್ಲದೆಂಬ ಷರತ್ತನ್ನು ಸೇರಿಸಿತು. ದೂರು ವಿಚಾರಣೆಗೆ ಸಮಿತಿಯೂ ರಚನೆಯಾಯಿತು. ಆದರೆ ದಂಡ ವಿಧಿಸುವ ಅಧಿಕಾರವಿಲ್ಲದ ಆ ಸಮಿತಿ ಹಲ್ಲಿಲ್ಲದ ಹಾವಿನಂತಿದ್ದು, 1946ರಲ್ಲಿ ಕೊನೆಗೊಂಡಿತು. ಅದನ್ನು ಕಾಯಂಗೊಳಿಸುವ ಮಸೂದೆ ಸೆನೆಟ್ಟಿನಲ್ಲಿ ದಕ್ಷಿಣ ರಾಜ್ಯಗಳ ಸದಸ್ಯರ ಮುಗಿಯದ ಭಾಷಣಗಳಿಗೆ ಬಲಿಯಾಯಿತು. ನ್ಯೂಯಾರ್ಕ್ ಮಾತ್ರ 1945ರಲ್ಲೇ ತನ್ನದೇ ರಾಜ್ಯ ಕಾನೂನು ಮಾಡಿಕೊಂಡಿತ್ತು.

ಬಲವಾದ ಕೇಂದ್ರ ಶಾಸನ ಬಂದದ್ದು 1964ರಲ್ಲಿ. ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯ 1965ರ ಜುಲೈನಲ್ಲಿ ಜಾರಿಯಾದಾಗ, 100 ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗಷ್ಟೇ ಅನ್ವಯಿಸುತ್ತಿತ್ತು. ಸಣ್ಣ ಉದ್ದಿಮೆಗಳಿಗೆ ಸಿದ್ಧತೆಯ ಕಾಲಾವಕಾಶ ದೊರೆಯಿತು: ವರ್ಷಕ್ಕೊಮ್ಮೆ 75, 50 ಎಂದು ಇಳಿದ ಮಿತಿ 1968ರಲ್ಲಿ 25ಕ್ಕೆ ಬಂದಿತು. 1972ರ ತಿದ್ದುಪಡಿ ಅದನ್ನು 15ಕ್ಕೆ ಇಳಿಸಿ, ಉದ್ಯೋಗ ಸಮಾನತಾ ಆಯೋಗಕ್ಕೆ ಖಾಸಗಿ ಮಾಲೀಕರ ವಿರುದ್ಧ ದಾವೆ ಹೂಡುವ ಅಧಿಕಾರವನ್ನೂ ನೀಡಿತು.