*ಇಂದಿನ ಧಮ್ಮ ಚಿಂತನೆ: ಬಾಣ ತಗುಲಿದವರಿಗೆ ವೈದ್ಯರೂ ಬೇಕು*



ಸಂಯುತ್ತ ನಿಕಾಯದಲ್ಲಿ ಸಲ್ಲತ್ಥ ಎಂಬ ಚಿಕ್ಕ ಸುತ್ತವಿದೆ. ಒಬ್ಬನಿಗೆ ಒಂದು ಬಾಣ ತಗುಲುತ್ತದೆ, ಅದರ ಹಿಂದೆಯೇ ಇನ್ನೊಂದು. ಮೊದಲನೆಯದು ದೇಹದ ನೋವು. ಎರಡನೆಯದು ಆ ನೋವಿಗಾಗಿ ಮನಸ್ಸು ಪಡುವ ಸಂಕಟ. ಧಮ್ಮ ಅರಿತವನಿಗೂ ಮೊದಲನೆಯದು ತಗುಲುತ್ತದೆ, ಎರಡನೆಯದು ತಗುಲುವುದಿಲ್ಲ ಎಂಬುದು ಬುದ್ಧರ ಬೋಧನೆ.

ಇದನ್ನು ಕೆಲವೊಮ್ಮೆ ನಾವು ತಪ್ಪಾಗಿ ಬಳಸುತ್ತೇವೆ. ಯಾರಾದರೂ ಹಳೆಯ ನೋವು ಹೇಳಿಕೊಂಡರೆ, "ಅದನ್ನೇ ಯಾಕೆ ಹಿಡಿದುಕೊಂಡಿದ್ದೀರಿ? ಧ್ಯಾನಕ್ಕೆ ಕುಳಿತುಕೊಳ್ಳಿ, ಸರಿಹೋಗುತ್ತದೆ" ಎಂದುಬಿಡುತ್ತೇವೆ. ಆಗ ಗಾಯಗೊಂಡವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದಂತಾಗುತ್ತದೆ.

ಬಾಬಾಸಾಹೇಬರನ್ನು ನೆನೆಯೋಣ. ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದ ಗುಂಪು ಅವರನ್ನು ಹೊರಹಾಕಿತು. ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣೀರು ಬರುತ್ತದೆ ಎಂದು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಬರೆದಿದ್ದಾರೆ. ಅದು ಮನಸ್ಸಿನ ದೌರ್ಬಲ್ಯವಲ್ಲ. ತೀವ್ರ ಭಯ, ಅವಮಾನಗಳ ನೆನಪು ಸಾಮಾನ್ಯ ನೆನಪಿನಂತೆ ಹಳತಾಗದಿರಬಹುದು. ಒಂದು ಧ್ವನಿ, ಒಂದು ನೋಟ ಸಾಕು, ದೇಹ ಅದೇ ಅಪಾಯ ಮತ್ತೆ ಎದುರಾದಂತೆ ನಡುಗುತ್ತದೆ. ಇದನ್ನೇ ಟ್ರಾಮಾ ಎನ್ನುವುದು.

ಇನ್ನು ಎಡಿಎಚ್‌ಡಿ. ಇದು ಬಾಲ್ಯದಲ್ಲೇ ಶುರುವಾಗುವ, ಗಮನ ಮತ್ತು ಆವೇಗಗಳ ನಿಯಂತ್ರಣಕ್ಕೆ ಸಂಬಂಧಿಸಿದ ಮಿದುಳಿನ ಸ್ಥಿತಿ. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ತರಗತಿಯಲ್ಲಿ ಸುಮ್ಮನೆ ಕಿಟಕಿ ನೋಡುತ್ತಾ ಕೂರುವ ಹೆಣ್ಣುಮಗುವಿನಲ್ಲಿ ಅದು ಯಾರ ಗಮನಕ್ಕೂ ಬಾರದೇ ಹೋಗಬಹುದು. ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಮಗು ಪಾಠದಲ್ಲಿ ಹಿಂದುಳಿದರೆ ಕಾರಣ ಹುಡುಕುವ ಬದಲು ಜಾತಿಯ ಕಡೆ ಬೆರಳು ತೋರಿಸುವವರಿದ್ದಾರೆ. 'ಸೋಮಾರಿ', 'ದಡ್ಡ' ಎಂಬ ಮಾತನ್ನು ಆ ಮಗು ನಲವತ್ತರ ವಯಸ್ಸಿನಲ್ಲೂ ಹೊತ್ತಿರುತ್ತದೆ. ಟ್ರಾಮಾದಿಂದಲೂ ಗಮನ ಚದುರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ನಾವೇ ಹೆಸರಿಡದೆ ತಜ್ಞರಿಗೆ ತೋರಿಸಬೇಕು.

ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ? ಎಡಿಎಚ್‌ಡಿಗೆ ಔಷಧಿ ಇದೆ. ಜೊತೆಗೆ ದೊಡ್ಡ ಕೆಲಸವನ್ನು ಸಣ್ಣದಾಗಿ ಒಡೆಯುವುದು, ನೆನಪಿಗೆ ಹೊರಗಿನ ಆಸರೆ ಮಾಡಿಕೊಳ್ಳುವುದು ಮುಂತಾದ ಅಭ್ಯಾಸಗಳನ್ನು ಕಲಿಸುತ್ತಾರೆ. ಟ್ರಾಮಾ ಇದ್ದವರಿಗೆ ಮೊದಲು ಸುರಕ್ಷಿತ ಭಾವನೆ ಮೂಡಿಸಿ, ನಂತರವೇ ನೆನಪುಗಳನ್ನು ಮೆಲ್ಲಗೆ ಎದುರಿಸಲು ನೆರವಾಗುತ್ತಾರೆ. ತೀವ್ರ ಭಾವನೆಗಳಿಗಾಗಿ ಅಮೆರಿಕದ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಪದ್ಧತಿಯಲ್ಲಿ ಮೈಂಡ್‌ಫುಲ್‌ನೆಸ್ ಒಂದು ಮುಖ್ಯ ಪಾಠ. ಅದನ್ನು ಅವರು ಝೆನ್ ಅಭ್ಯಾಸದಿಂದ ಪಡೆದರು. 'ಸಿಟ್ಟು ಬಂದಿದೆ' ಎಂದು ಗುರುತಿಸುವುದು, ಅದರಂತೆ ನಡೆಯುವ ಮೊದಲು ತುಸು ನಿಲ್ಲುವುದು: ಸತಿಪಟ್ಠಾನದ ಚಿತ್ತಾನುಪಸ್ಸನೆ ಓದಿದವರಿಗೆ ಇದು ಪರಿಚಿತ.

ಆದರೂ ಒಂದು ಎಚ್ಚರ. ಕಣ್ಣು ಮುಚ್ಚಿ ದೀರ್ಘಕಾಲ ಕುಳಿತರೆ ಕೆಲವರಿಗೆ ಹಳೆಯ ದೃಶ್ಯಗಳು ನುಗ್ಗಿ ಬರುತ್ತವೆ. ಅಂಥವರು ಕಣ್ಣು ತೆರೆದೇ ಇರಲಿ, ನಡಿಗೆಯ ಧ್ಯಾನ ಮಾಡಲಿ, ಬೇಡವೆನಿಸಿದರೆ ನಿಲ್ಲಿಸಲಿ. ಧ್ಯಾನ ಚಿಕಿತ್ಸೆಗೆ ಬದಲಿಯಲ್ಲ.

ಅತಿಸಾರದಿಂದ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಆನಂದನೊಡನೆ ಸೇರಿ ತಾವೇ ತೊಳೆದು ಹಾಸಿಗೆಯ ಮೇಲೆ ಮಲಗಿಸಿದರು. ಇದು ಹಿಂದಿನ ಜನ್ಮದ ಕರ್ಮ ಎನ್ನಲಿಲ್ಲ. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆ ಪೂರ್ವಜನ್ಮದ ಕರ್ಮವಾದವನ್ನು ತಳ್ಳಿಹಾಕಿದ್ದಾರೆ. ಬಾಣ ಬಿಟ್ಟ ವ್ಯವಸ್ಥೆಯ ವಿರುದ್ಧ ಹೋರಾಟ ನಿಲ್ಲದು, ಆದರೆ ಗಾಯ ವಾಸಿಯಾಗಲು ಹೋರಾಟ ಮುಗಿಯುವವರೆಗೆ ಕಾಯಬೇಕಿಲ್ಲ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಜಾತಿಭೇದವಿಲ್ಲದೆ ಸರ್ಕಾರಿ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು.

*ಇಂದಿನ ಅಭ್ಯಾಸ:* ಇಂದು ಯಾರಾದರೂ ತಮ್ಮ ನೋವು ಹೇಳಿಕೊಂಡರೆ ಉಪದೇಶ ಮಾಡದೆ ಪೂರ್ತಿ ಕೇಳೋಣ. ಅಗತ್ಯವಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ. ಅದೂ ಕರುಣೆಯ ಅಭ್ಯಾಸವೇ.

ಸರ್ವರಿಗೂ ಮಂಗಳವಾಗಲಿ. ಜೈಭೀಮ್ 🙏